ಮಾರ್ಜಾಲ ಮಜ್ಜನ

ಕಡುವೈರಕ್ಕೆ ಕನ್ನಡಿಗರು ‘ಎಣ್ಣೆ-ಸೀಗೆಕಾಯಿ’ ಎಂದು ಹೆಸರಿಟ್ಟಿದ್ದಾರೆ. ಎಣ್ಣೆ ಸೀಗೆಕಾಯಿಗಳ ಜಗಳವಾದರೋ ವಾರಕ್ಕೊಮ್ಮೆ ಮನುಷ್ಯರ ನೆತ್ತಿಯ ಮೇಲೆ ನಡೆದು ಅರ್ಧ ಗಂಟೆಯೊಳಗೆ ತೀರಿಹೋಗುವಂಥದು. ಬೆಕ್ಕಿಗೂ ನೀರಿಗೂ ಇರುವ ವೈರ ಹಾಗಲ್ಲ. ಅದು ತಲೆತಲಾಂತರದಿಂದ ನಡೆದುಬಂದದ್ದು. ರಾಜಿ ಪಂಚಾಯಿತಿಗಳಿಗೆ ಬಗ್ಗದಂಥದು. ಸುರಿಯುವ ಮಳೆಯಲ್ಲಿ ನಾಯಿ ಬಾಲವಾಡಿಸುತ್ತ ಅಂಗಳದಲ್ಲೆಲ್ಲ ಕುಣಿದಾಡಬಹುದು. ಬೆಕ್ಕು ಮಾತ್ರ ಜಗಲಿಯ ಒಣಮೂಲೆಯಲ್ಲಿ ಕುಳಿತು, ಹೆಂಚಿನಿಂದ ಸಿಡಿದ ಹನಿಯೊಂದು ಮುಂಗಾಲಿಗೆ ತಾಗಿದರೂ ಆ ಕಾಲನ್ನು ಮೂರು ಬಾರಿ ಕೊಡವಿ, ಲೋಕಕ್ಕೆಲ್ಲ ಕೇಳುವಂತೆ ಒಮ್ಮೆ ಕೂಗಿ ಒಳಗೆ ಹೊರಟುಹೋಗುತ್ತದೆ.

ವಿಚಿತ್ರವೆಂದರೆ, ಬಚ್ಚಲುಮನೆಯ ಮೇಲೆ ಬೆಕ್ಕಿಗೆ ದ್ವೇಷವೇನೂ ಇಲ್ಲ. ಸೌದೆಯೊಲೆಯ ಮೇಲೆ ತಾಮ್ರದ ಹಂಡೆ ಕುಳಿತಿದ್ದ ಕಾಲದಲ್ಲಿ ಮನೆಯ ಬೆಕ್ಕಿಗೆ ಬಚ್ಚಲೊಲೆಯ ಬೆಚ್ಚನೆಯ ಬೂದಿಯೇ ಹಂಸತೂಲಿಕಾತಲ್ಪ. ಸ್ನಾನದ ಕಾವು ಬೇಕು, ಸ್ನಾನ ಬೇಡ. ಇದು ಮಾರ್ಜಾಲ ಧರ್ಮ. ಮಹಾಬಲಿಪುರದಲ್ಲಿ ಏಳನೆಯ ಶತಮಾನದ ಪಲ್ಲವ ಶಿಲ್ಪಿಗಳು ಹೆಬ್ಬಂಡೆಯ ಮೇಲೆ ಕಡೆದ ಗಂಗಾವತರಣದ ಚಿತ್ರಪಟದಲ್ಲಿಯೂ ಒಂದು ಬೆಕ್ಕಿದೆ. ಮುಂಗಾಲುಗಳನ್ನೆತ್ತಿ ತಪಸ್ಸಿಗೆ ನಿಂತ ಆ ಕಪಟ ಸನ್ಯಾಸಿಯ ಸುತ್ತ ಇಲಿಗಳು ನೆರೆದಿವೆ. ಪಕ್ಕದಲ್ಲಿಯೇ ಗಂಗೆ ಧುಮುಕುತ್ತಿದ್ದಾಳೆ. ಬೆಕ್ಕು ಮಾತ್ರ ದಡದ ಮೇಲಿದೆ. ಶಿಲ್ಪಿಗೆ ಬೆಕ್ಕಿನ ಸ್ವಭಾವ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

ಇಂತಹ ಪ್ರಾಣಿಯನ್ನು ಮೀಯಿಸುವ ಉತ್ಸಾಹ ಮನೆಯವರಿಗೆ ಆಗಾಗ ಬರುವುದುಂಟು. ನರಕ ಚತುರ್ದಶಿಯ ಬೆಳಗಿನಲ್ಲಿ ಮನೆಮಂದಿಗೆಲ್ಲ ಎಣ್ಣೆನೀರಾಗುವಾಗ “ಬೆಕ್ಕಿಗೇಕೆ ಬೇಡ?” ಎಂದು ಕೇಳದ ಮಕ್ಕಳು ಅಪರೂಪ. ಆ ಪ್ರಶ್ನೆಗೆ ಉತ್ತರ ಹುಡುಕಹೊರಟವರ ಮುಂಗೈಗಳು ಹಬ್ಬ ಮುಗಿದು ವಾರವಾದರೂ ಸಾಕ್ಷಿ ಹೇಳುತ್ತಿರುತ್ತವೆ. ಆದರೆ ನಗುವಿನಲ್ಲಿ ತೀರಿಹೋಗುವ ವಿಷಯ ಇದಲ್ಲ. ಬೇಡದ ಹೊತ್ತಿನಲ್ಲಿ ಮಾಡಿಸಿದ ಸ್ನಾನ ಬೆಕ್ಕಿಗೆ ಹಿಂಸೆ. ತಕ್ಕದ್ದಲ್ಲದ ವಸ್ತುವಿನಿಂದ ಮಾಡಿಸಿದ ಸ್ನಾನ ಅದರ ಪ್ರಾಣಕ್ಕೇ ಮುಳುವು. ಮಾಡಿಸಲೇಬೇಕಾದ ಹೊತ್ತಿನಲ್ಲಿ ಮಾಡಿಸದಿದ್ದರೆ ಅದೂ ಪ್ರಾಣಾಪಾಯವೇ. ಆದುದರಿಂದ ಬೆಕ್ಕು ಸಾಕಿದವರು ಈ ಮೂರರ ಭೇದವನ್ನು ಅರಿತಿರುವುದು ಮೇಲು.

ಹೆಸರಿನಲ್ಲಿಯೇ ಶುಚಿ

ಸಂಸ್ಕೃತದ ‘ಮಾರ್ಜಾರ’, ‘ಮಾರ್ಜಾಲ’ ಶಬ್ದಗಳು ಒರೆಸು, ಶುದ್ಧಮಾಡು ಎಂಬ ಅರ್ಥದ ‘ಮೃಜ್’ ಧಾತುವಿನಿಂದ ಬಂದವು. ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಪ್ರಾಣಿ ಎಂದು ಹಿಂದಿನವರು ಅದನ್ನು ಗುರುತಿಸಿದ್ದರು. ಸಂಧ್ಯಾವಂದನೆಯಲ್ಲಿ ನೀರು ಪ್ರೋಕ್ಷಿಸಿಕೊಳ್ಳುವ ‘ಮಾರ್ಜನ’ವೂ ಅದೇ ಧಾತುವಿನಿಂದ ಹುಟ್ಟಿದ್ದು. ನೀರನ್ನು ಕಂಡರಾಗದ ಪ್ರಾಣಿಗೂ ನೀರಿನ ಪ್ರೋಕ್ಷಣೆಗೂ ಒಂದೇ ಕುಲನಾಮ ದೊರೆತದ್ದು ಭಾಷೆಯ ವಿನೋದಗಳಲ್ಲೊಂದು.

ಬೆಕ್ಕಿನ ಸ್ನಾನಸಾಮಗ್ರಿ ಅದರ ಬಾಯಲ್ಲೇ ಇದೆ. ಅದರ ನಾಲಿಗೆಯಿಂದ ಕೈ ನೆಕ್ಕಿಸಿಕೊಂಡವರಿಗೆ ಉಪ್ಪುಕಾಗದದಿಂದ ಉಜ್ಜಿದಂತಹ ಅನುಭವವಾಗಿರುತ್ತದೆ. ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಸಣ್ಣ ಮುಳ್ಳುಗಳಿವೆ. ಮನುಷ್ಯರ ಉಗುರು ಯಾವ ದ್ರವ್ಯದಿಂದ ಆಗಿದೆಯೋ ಅದೇ ಕೆರಾಟಿನ್ನಿನಿಂದ ಆದವು ಅವು. ಈ ಮುಳ್ಳುಗಳ ತುದಿ ಬರಿಯ ಚೂಪಲ್ಲ, ಸೌಟಿನಂತೆ ಟೊಳ್ಳು ಎಂಬುದನ್ನು ಅಮೆರಿಕದ ಜಾರ್ಜಿಯಾ ತಾಂತ್ರಿಕ ವಿದ್ಯಾಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಒಂದೊಂದು ಸೌಟೂ ಬಾಯಿಯಿಂದ ಎಂಜಲನ್ನು ಮೊಗೆದು, ಕೂದಲಿನ ನಡುವೆ ತೂರಿ, ಚರ್ಮದವರೆಗೆ ಮುಟ್ಟಿಸುತ್ತದೆ. ಹೀಗೆ ಕೊಳೆಯೂ ಹೋಗುತ್ತದೆ, ಉದುರಿದ ಕೂದಲೂ ಹೋಗುತ್ತದೆ. ಎಂಜಲು ಆರುವಾಗ ಬೇಸಗೆಯಲ್ಲಿ ಮೈಯೂ ತಂಪಾಗುತ್ತದೆ. ಬಾಚಣಿಗೆ, ಸಾಬೂನು, ಬೀಸಣಿಗೆ ಮೂರೂ ಒಂದೇ ನಾಲಿಗೆಯಲ್ಲಿ ಅಡಗಿರುವಾಗ ಬೆಕ್ಕು ಬಚ್ಚಲನ್ನು ಅಪೇಕ್ಷಿಸುವುದಾದರೂ ಏಕೆ? ಆರೋಗ್ಯವಾಗಿರುವ, ಮನೆಯೊಳಗೇ ಬೆಳೆಯುವ, ಗಿಡ್ಡಗೂದಲಿನ ಬೆಕ್ಕಿಗೆ ಜನ್ಮದಲ್ಲಿ ಒಮ್ಮೆಯೂ ಸ್ನಾನ ಮಾಡಿಸದಿದ್ದರೆ ಏನೂ ಕೊರತೆಯಾಗದು.

ವೈರದ ಮೂಲ

ನೀರೆಂದರೆ ಬೆಕ್ಕಿಗೇಕೆ ಅಷ್ಟು ಜುಗುಪ್ಸೆ? ಅದರ ವಂಶವೃಕ್ಷವನ್ನು ನೋಡಿದರೆ ಸ್ವಲ್ಪ ಬೆಳಕು ಬೀಳುತ್ತದೆ. ಜಗತ್ತಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕಗಳ ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಪರಿಶೀಲನೆಯಿಂದ ಸ್ಪಷ್ಟವಾಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಯೂ ದೊರೆತಿದೆ. ಆ ಪೂರ್ವಿಕರು ಬಾಳಿದ್ದು ಮರಳು ಮತ್ತು ಕುರುಚಲು ಪೊದೆಗಳ ಒಣಸೀಮೆಯಲ್ಲಿ. ಅಲ್ಲಿ ಈಜಬೇಕಾದ ಹೊಳೆಯಿಲ್ಲ. ಕುಡಿಯುವ ನೀರಿನಲ್ಲಿಯೂ ಬಹುಪಾಲು ಬೇಟೆಯ ರಕ್ತಮಾಂಸಗಳಿಂದಲೇ ಒದಗಬೇಕು. ಮೂತ್ರವನ್ನು ಬಹಳ ಗಟ್ಟಿಮಾಡಿ ನೀರನ್ನು ಉಳಿಸುವ ಶಕ್ತಿ ಬೆಕ್ಕಿನ ಮೂತ್ರಪಿಂಡಗಳಿಗೆ ಇಂದಿಗೂ ಇದೆ.

ಇನ್ನೊಂದು ಕಾರಣ ಅದರ ತುಪ್ಪಳ. ಸಾಕುಬೆಕ್ಕಿನ ನವಿರಾದ ಒಳಗೂದಲು ನೀರನ್ನು ಹೀರಿ ಭಾರವಾಗುತ್ತದೆ, ಬೇಗ ಆರುವುದಿಲ್ಲ. ಹಗುರವೂ ಚುರುಕೂ ಆಗಿರುವುದೇ ಬಂಡವಾಳವಾದ ಪ್ರಾಣಿಗೆ ಒದ್ದೆ ಕಂಬಳಿ ಹೊದ್ದು ಓಡುವ ಪಾಡು. ಮೈಯ ಕಾವು ಇಳಿಯುತ್ತದೆ; ನೆಕ್ಕಿ ನೆಕ್ಕಿ ಕಾಪಾಡಿಕೊಂಡ ಸ್ವಂತ ವಾಸನೆ ತೊಳೆದುಹೋಗುತ್ತದೆ; ನುಣುಪಾದ ಬಚ್ಚಲ ಕಲ್ಲಿನ ಮೇಲೆ ಕಾಲೂರಲು ನೆಲೆ ಸಿಕ್ಕುವುದಿಲ್ಲ.

ಆದರೂ ಜಾತಿಗೆಲ್ಲ ಈ ಗುಣವನ್ನು ಹಚ್ಚುವುದು ಸರಿಯಲ್ಲ. ಬೆಕ್ಕಿನ ದೊಡ್ಡಪ್ಪನಾದ ಹುಲಿ ಬೇಸಗೆಯ ಮಧ್ಯಾಹ್ನವನ್ನು ಬಂಡೀಪುರ, ನಾಗರಹೊಳೆಗಳ ಕೆರೆಗಳಲ್ಲಿ ಸೊಂಟದವರೆಗೆ ನೀರಿನಲ್ಲಿ ಕುಳಿತು ಕಳೆಯುತ್ತದೆ. ಬಂಗಾಳದ ಸುಂದರಬನ, ಒಡಿಶಾದ ಚಿಲಿಕಾ ಸರೋವರಗಳ ಮೀನುಬೆಕ್ಕು ನೀರಿಗೆ ಧುಮುಕಿ ಮೀನು ಹಿಡಿದೇ ಹೊಟ್ಟೆ ಹೊರೆಯುತ್ತದೆ. ಅದರ ದಟ್ಟವಾದ ಒಳತುಪ್ಪಳವನ್ನು ದಾಟಿ ನೀರು ಚರ್ಮಕ್ಕಿಳಿಯುವುದು ಕಷ್ಟ. ಸಾಕುಬೆಕ್ಕುಗಳಲ್ಲಿಯೇ ತುರ್ಕಿ ದೇಶದ ವಾನ್ ಸರೋವರ ಸೀಮೆಯ ತಳಿಯೊಂದಕ್ಕೆ ಈಜುವ ಬೆಕ್ಕೆಂಬ ಕೀರ್ತಿಯಿದೆ. 1955ರಲ್ಲಿ ಲಾರಾ ಲಷಿಂಗ್‌ಟನ್ ಮತ್ತು ಸೋನಿಯಾ ಹ್ಯಾಲಿಡೇ ಎಂಬ ಇಬ್ಬರು ಆಂಗ್ಲ ಮಹಿಳೆಯರು ತುರ್ಕಿಯಿಂದ ತಂದ ಮರಿಗಳಿಂದ ಇಂಗ್ಲೆಂಡಿನಲ್ಲಿ ಆ ತಳಿ ಬೆಳೆಯಿತು.

ಹುಟ್ಟುಗುಣದಷ್ಟೇ ಕಲಿತ ಗುಣವೂ ಇಲ್ಲಿ ಕೆಲಸಮಾಡುತ್ತದೆ. ಹಾಲನ್ನು ಕಂಡರೆ ಓಡಿಹೋಗುತ್ತಿದ್ದ ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ಅರಿಯದ ಕನ್ನಡದ ಮನೆಯಿಲ್ಲ. ಮೊದಲ ದಿನ ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಬೆಕ್ಕು ಆಮೇಲೆ ತಣ್ಣನೆಯ ಹಾಲನ್ನೂ ನಂಬಲಿಲ್ಲ. ಕೃಷ್ಣದೇವರಾಯನ ಆಸ್ಥಾನದಲ್ಲಿ ಅದು ನಗೆಗೆ ಕಾರಣವಾಯಿತು. ಬಚ್ಚಲಿನಲ್ಲಿ ಅದೇ ತತ್ತ್ವ ನಗೆಯ ಮಾತಲ್ಲ. ಮೊದಲ ಸ್ನಾನದಲ್ಲಿ ಬೆದರಿದ ಬೆಕ್ಕು ಆಯುಷ್ಯವಿಡೀ ಬೆದರುತ್ತದೆ. ನೀರಿಗೆ ಮಾತ್ರವಲ್ಲ, ನೀರಿಗೆ ನೂಕಿದ ಕೈಗಳಿಗೂ. ಮರಿಗಳು ಲೋಕವನ್ನು ನಂಬಲು ಕಲಿಯುವ ಹೊತ್ತು ಹುಟ್ಟಿದ 2ನೆಯ ವಾರದಿಂದ ಸುಮಾರು 7ನೆಯ ವಾರದವರೆಗೆ. ಆ ಹೊತ್ತಿನಲ್ಲಿ ಮನುಷ್ಯರ ಕೈಗಳಿಗೆ, ಒದ್ದೆ ಬಟ್ಟೆಗೆ, ಬಾಚಣಿಗೆಗೆ ಮೆಲ್ಲನೆ ಒಗ್ಗಿದ ಮರಿ ಮುಂದೆ ಅಷ್ಟು ರಂಪ ಮಾಡುವುದಿಲ್ಲ.

ಸ್ನಾನ ಯಾವಾಗ?

ಮೈ ನೆಕ್ಕಿಕೊಳ್ಳಲಾರದ ಮುದಿ ಬೆಕ್ಕು, ಅತಿಸ್ಥೂಲವಾದ ಬೆಕ್ಕು, ಭೇದಿಯಿಂದ ಹಿಂಗಾಲು ಹೊಲಸಾದ ಉದ್ದಗೂದಲಿನ ಪರ್ಷಿಯನ್ ಬೆಕ್ಕು ಇವುಗಳಿಗೆ ಮನುಷ್ಯರ ನೆರವು ಬೇಕು. ಕೆನಡಾ ದೇಶದಲ್ಲಿ 1966ರಲ್ಲಿ ಕಾಣಿಸಿಕೊಂಡ ಸ್ಫಿಂಕ್ಸ್ ಎಂಬ ಬೋಳುಮೈಯ ತಳಿಗೆ, ಚರ್ಮದ ಜಿಡ್ಡನ್ನು ಹೀರಲು ಕೂದಲೇ ಇಲ್ಲದ ಕಾರಣ, ಪದೇ ಪದೇ ಸ್ನಾನ ಅಗತ್ಯ. ಹುಳುಕಡ್ಡಿಯಂತಹ ಚರ್ಮರೋಗಕ್ಕೆ ಪಶುವೈದ್ಯರು ಔಷಧಸ್ನಾನವನ್ನು ವಿಧಿಸುವುದುಂಟು. ಬೆಕ್ಕಿನಿಂದ ಸೀನು, ಉಬ್ಬಸ ಬರುವವರು ಮನೆಯಲ್ಲಿದ್ದರೆ ಸ್ನಾನದಿಂದ ಸ್ವಲ್ಪ ಗುಣ ಕಾಣಬಹುದು. ಆದರೆ ಆ ಸೀನಿಗೆ ಮೂಲವಾದ ಪ್ರೋಟೀನು ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುವುದರಿಂದ ಕೆಲವೇ ದಿನಗಳಲ್ಲಿ ಮತ್ತೆ ಮೈತುಂಬುತ್ತದೆ.

ಇಲ್ಲಿ ಗೃಹಿಣಿಯರು ನೆನಪಿಡತಕ್ಕ ಮಾತೊಂದಿದೆ. ನಿನ್ನೆಯವರೆಗೆ ಥಳಥಳಿಸುತ್ತಿದ್ದ ಬೆಕ್ಕು ಇಂದು ಜಿಡ್ಡುಗಟ್ಟಿ, ಕೂದಲು ಗಂಟುಗಂಟಾಗಿ ಕುಳಿತಿದ್ದರೆ ಅದು ಬಚ್ಚಲಿನ ಸಮಸ್ಯೆಯಲ್ಲ, ವೈದ್ಯರ ಸಮಸ್ಯೆ. ಹಲ್ಲುನೋವು, ಕೀಲುನೋವು, ಮೂತ್ರಪಿಂಡದ ವ್ಯಾಧಿಗಳು ಬಂದಾಗ ಬೆಕ್ಕು ಮೊದಲು ಬಿಡುವುದು ತನ್ನ ಶೃಂಗಾರವನ್ನು. ನೋವನ್ನು ಅಡಗಿಸುವುದರಲ್ಲಿ ಬಲು ಗಟ್ಟಿಗನಾದ ಈ ಪ್ರಾಣಿ ಬಾಯಿಬಿಟ್ಟು ಹೇಳುವುದು ಹೀಗೆಯೇ. ಅದನ್ನು ತೊಳೆದು ಬೆಳ್ಳಗೆ ಮಾಡಿದರೆ ರೋಗದ ಗುರುತು ಹೋದೀತು, ರೋಗ ಹೋಗದು.

ನಾಲಿಗೆಯೇ ಶತ್ರುವಾದಾಗ

ತಡಮಾಡದೆ ಸ್ನಾನ ಮಾಡಿಸಲೇಬೇಕಾದ ಸಂದರ್ಭ ಒಂದುಂಟು. ಕಾರಿನಡಿಯಲ್ಲಿ ಮಲಗಿ ಎಂಜಿನ್ ಎಣ್ಣೆ ಮೆತ್ತಿಕೊಂಡಾಗ, ಬಣ್ಣದ ಡಬ್ಬಿಯನ್ನು ಉರುಳಿಸಿದಾಗ, ಸೀಮೆಎಣ್ಣೆಯೋ ಫಿನಾಯಿಲೋ ಮೈಮೇಲೆ ಚೆಲ್ಲಿದಾಗ ಬೆಕ್ಕು ಮಾಡುವ ಮೊದಲ ಕೆಲಸ ಅದನ್ನು ನೆಕ್ಕುವುದು. ಶುಚಿತ್ವದ ಸಾಧನವೇ ವಿಷದ ದಾರಿಯಾಗುತ್ತದೆ. ಬೆಕ್ಕಿನ ಪಿತ್ತಜನಕಾಂಗದಲ್ಲಿ ಅನೇಕ ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಒಂದು ಕ್ರಿಯೆ ಬಹಳ ದುರ್ಬಲ. ಮನುಷ್ಯರೂ ನಾಯಿಗಳೂ ಅರಗಿಸಿಕೊಳ್ಳುವ ದ್ರವ್ಯಗಳು ಬೆಕ್ಕಿಗೆ ಮಾರಕವಾಗುವುದು ಇದರಿಂದಲೇ. ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಆದರೂ ಅದನ್ನು ಕೊಲ್ಲಬಲ್ಲದು.

ಇಂತಹ ಸಮಯದಲ್ಲಿ ಮೊದಲು ಬೆಕ್ಕನ್ನು ಟವಲಿನಲ್ಲಿ ಸುತ್ತಿ ನೆಕ್ಕದಂತೆ ತಡೆಯಬೇಕು. ಎಂಜಿನ್ ಎಣ್ಣೆಯಂತಹ ಜಿಗುಟಿಗೆ ಸ್ವಲ್ಪ ಅಡುಗೆಯೆಣ್ಣೆ ಸವರಿ ಸಡಿಲಿಸಿ, ಪಾತ್ರೆ ತೊಳೆಯುವ ಮೃದುವಾದ ದ್ರವವನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ ತೊಳೆಯಬಹುದು. ಬಣ್ಣ ಬಿಡಿಸಲೆಂದು ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆಗಳನ್ನು ಹಚ್ಚುವುದು ಉರಿಯುವ ಮನೆಗೆ ತುಪ್ಪ ಸುರಿದಂತೆ. ಒಣಗಿದ ಬಣ್ಣವಾದರೆ ಆ ಕೂದಲನ್ನೇ ಕತ್ತರಿಸುವುದು ಲೇಸು. ವಾಂತಿ ಮಾಡಿಸುವ ಪ್ರಯತ್ನ ಸರ್ವಥಾ ಕೂಡದು. ತೊಳೆದ ಬಳಿಕ ನೇರವಾಗಿ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಅತ್ಯಂತ ದುಃಖಕರವಾದದ್ದು ಪ್ರೀತಿಯಿಂದಲೇ ನಡೆಯುವ ಅನಾಹುತ. ಬೆಕ್ಕಿಗೆ ಚಿಗಟವಾಯಿತೆಂದು, ಮನೆಯ ನಾಯಿಗೆ ತಂದಿಟ್ಟ ಚಿಗಟನಾಶಕ ಶಾಂಪೂವನ್ನೋ ಪುಡಿಯನ್ನೋ ಅದಕ್ಕೂ ಹಚ್ಚುವವರಿದ್ದಾರೆ. ಅಂತಹ ಅನೇಕ ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕವಿರುತ್ತದೆ. ನಾಯಿಗೆ ಅದು ನಿರಪಾಯ, ಬೆಕ್ಕಿಗೆ ಘೋರ ವಿಷ. ಕೆಲವು ಗಂಟೆಗಳಲ್ಲಿ ಕಿವಿ ಅದುರುತ್ತದೆ, ಮೈ ನಡುಗುತ್ತದೆ, ಸೆಳವು ಬರುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗುತ್ತದೆ. ಫೀನಾಲ್ ವರ್ಗದ ಕ್ರಿಮಿನಾಶಕ ದ್ರಾವಣಗಳನ್ನು ಸ್ನಾನದ ನೀರಿಗೆ ಬೆರೆಸುವುದೂ, ಟೀಟ್ರೀ ಎಣ್ಣೆಯಂತಹ ಸುಗಂಧ ತೈಲಗಳನ್ನು ಸವರುವುದೂ ಇಷ್ಟೇ ಅಪಾಯಕರ. ಸೀಸೆಯ ಮೇಲೆ ‘ಬೆಕ್ಕಿಗಾಗಿ’ ಎಂದು ಬರೆದಿರದ ಯಾವುದೂ ಬೆಕ್ಕಿಗೆ ಬೇಡ. ಮನುಷ್ಯರ ಶಾಂಪೂ ಕೂಡ ಸಲ್ಲದು. ಅದು ಮನುಷ್ಯರ ಆಮ್ಲಗುಣದ ಚರ್ಮಕ್ಕೆ ಹೊಂದುವಂತೆ ಮಾಡಿದ್ದು, ಬೆಕ್ಕಿನ ಚರ್ಮದಲ್ಲಿ ಅಷ್ಟು ಆಮ್ಲವಿಲ್ಲ.

ಸ್ನಾನದ ಕ್ರಮ

ತುರ್ತಿಲ್ಲದ ಸ್ನಾನಕ್ಕೆ ಸಿದ್ಧತೆ ಹಿಂದಿನ ದಿನವೇ ಆರಂಭವಾಗಬೇಕು. ಉಗುರುಗಳ ಬಿಳಿಯ ತುದಿಯನ್ನಷ್ಟೇ, ಒಳಗಿನ ಗುಲಾಬಿ ಭಾಗಕ್ಕೆ ತಾಗದಂತೆ ಕತ್ತರಿಸಬೇಕು. ಕೂದಲಿನ ಗಂಟುಗಳನ್ನು ಒಣಗಿರುವಾಗಲೇ ಬಾಚಿ ಬಿಡಿಸಬೇಕು. ನೆನೆದ ಮೇಲೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸ್ನಾನಕ್ಕೆ ಮುಂಚೆ ದಾರದ ಉಂಡೆಯಿಂದಲೋ ಕಾಗದದ ಚೆಂಡಿನಿಂದಲೋ ಚೆನ್ನಾಗಿ ಆಡಿಸಿ ದಣಿಸುವುದು ಒಳ್ಳೆಯ ಉಪಾಯ.

ನೀರನ್ನು ಬೆಕ್ಕು ಬರುವುದಕ್ಕೆ ಮುಂಚೆಯೇ ಟಬ್ಬಿಗೆ ತುಂಬಿಟ್ಟಿರಬೇಕು. ಸುರಿಯುವ ನಲ್ಲಿಯ ಸದ್ದೇ ಅರ್ಧ ಭಯಕ್ಕೆ ಕಾರಣ. ನೀರು ಬೆಕ್ಕಿನ ಹೊಟ್ಟೆ ಮುಟ್ಟದಷ್ಟು, ಎಂದರೆ ಎರಡು ಮೂರು ಅಂಗುಲವಿದ್ದರೆ ಸಾಕು. ಬೆಕ್ಕಿನ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್ಸಿನಷ್ಟಿರುವುದರಿಂದ ನಮಗೆ ತಂಪೆನಿಸುವ ನೀರು ಅದಕ್ಕೆ ಚಳಿಯೇ. ಹಸುಗೂಸಿಗೆ ಎರೆಯುವ ಮುನ್ನ ಅಜ್ಜಿಯರು ಮೊಣಕೈಯಿಂದ ನೀರಿನ ಹದ ನೋಡುವಂತೆ ನೋಡಿದರೆ ತಪ್ಪಾಗದು. ಟಬ್ಬಿನ ತಳಕ್ಕೆ ಮಡಿಸಿದ ಟವಲನ್ನು ಹಾಸುವುದನ್ನು ಮರೆಯಲೇಬಾರದು. ಕಾಲು ಜಾರುವುದಿಲ್ಲವೆಂಬ ಧೈರ್ಯ ಬಂದರೆ ಬೆಕ್ಕಿನ ಪ್ರತಿಭಟನೆ ಎಷ್ಟೋ ಕಡಮೆಯಾಗುತ್ತದೆ.

ಕೆಲಸಕ್ಕೆ ಇಬ್ಬರು ಸಾಕು: ಹಿಡಿಯುವವರೊಬ್ಬರು, ಎರೆಯುವವರೊಬ್ಬರು. ಪ್ರೇಕ್ಷಕರಿಗೆ ಪ್ರವೇಶವಿಲ್ಲ, ಮಕ್ಕಳ ಕೇಕೆಗೆ ಬೆಕ್ಕು ಇನ್ನಷ್ಟು ಕಂಗೆಡುತ್ತದೆ. ಕುತ್ತಿಗೆಯ ಹಿಂದಿನ ತೊಗಲನ್ನು ಹಿಡಿದೆತ್ತುವ ಪದ್ಧತಿಯನ್ನು ಇಂದಿನ ಪಶುವೈದ್ಯರು ಒಪ್ಪುವುದಿಲ್ಲ. ಶ್ರೀವೈಷ್ಣವರ ಶರಣಾಗತಿ ತತ್ತ್ವಕ್ಕೆ ದೃಷ್ಟಾಂತವಾದ ‘ಮಾರ್ಜಾಲಕಿಶೋರ ನ್ಯಾಯ’ದಲ್ಲಿ ತಾಯಿಬೆಕ್ಕು ಮರಿಯನ್ನು ಹಾಗೆ ಕಚ್ಚಿ ಒಯ್ಯುವುದು ನಿಜ. ಆದರೆ ಮರಿ ಹಗುರ, ತಾಯಿಯನ್ನು ಪೂರ್ಣವಾಗಿ ನಂಬಿದ ಜೀವ. ಬೆಳೆದ ಬೆಕ್ಕನ್ನು ಹಾಗೆ ತೂಗಿದರೆ ಅದಕ್ಕೆ ನೋವೂ ಹೌದು, ಭಯವೂ ಹೌದು. ಎದೆಯ ಕೆಳಗೆ ಒಂದು ಕೈ, ಬೆನ್ನ ಮೇಲೆ ಇನ್ನೊಂದು ಕೈ, ಇಷ್ಟೇ ಸಾಕು.

ತಂಬಿಗೆಯಿಂದ ಕುತ್ತಿಗೆಯ ಹಿಂದಿನಿಂದ ಬಾಲದ ಕಡೆಗೆ ಮೆಲ್ಲಗೆ ಎರೆಯಬೇಕು. ತಲೆಯ ಮೇಲೆ ಸುರಿಯಕೂಡದು. ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಶಾಂಪೂ ಸ್ವಲ್ಪ, ತೊಳೆಯುವ ನೀರು ಧಾರಾಳ. ಮೈಯಲ್ಲುಳಿದ ನೊರೆಯೆಲ್ಲ ಆಮೇಲೆ ಹೊಟ್ಟೆಗೆ ಹೋಗುವುದನ್ನು ನೆನೆದರೆ ಇದರ ಕಾರಣ ತಿಳಿದೀತು. ಹತ್ತು ನಿಮಿಷದೊಳಗೆ ಮುಗಿಸಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅದು ಹಟವಲ್ಲ, ಅಪಾಯದ ಸೂಚನೆ. ಸ್ನಾನ ಅರ್ಧವಾದರೂ ಚಿಂತೆಯಿಲ್ಲ, ನೊರೆಯನ್ನಷ್ಟು ತೊಳೆದು ಅಲ್ಲಿಗೇ ನಿಲ್ಲಿಸಬೇಕು.

ಆಮೇಲೆ ಒಣ ಟವಲಿನಲ್ಲಿ ಸುತ್ತಿ, ಉಜ್ಜದೆ ಒತ್ತಿ ಒತ್ತಿ ನೀರು ಹಿಂಡಬೇಕು. ಗಾಳಿಯಾಡದ ಬೆಚ್ಚನೆಯ ಕೋಣೆಯಲ್ಲಿ ಪೂರ್ತಿ ಆರುವವರೆಗೆ ಇರಿಸಿ, ಅದಕ್ಕೆ ಪ್ರಿಯವಾದ ತಿನಿಸೊಂದನ್ನು ಕೊಡಬೇಕು. ಸ್ನಾನದ ಕೊನೆಗೆ ಸಿಕ್ಕ ಮೀನಿನ ತುಂಡೋ ಮೊಸರನ್ನವೋ ಮುಂದಿನ ಸ್ನಾನಕ್ಕೆ ಕಟ್ಟಿದ ಮುಂಗಡ.

ಪರಚಿದರೆ

ಇಷ್ಟೆಲ್ಲ ಮಾಡಿಯೂ ಉಗುರು ತಗುಲಬಹುದು. ಬೆಕ್ಕಿನ ಗಾಯವನ್ನು ಸಣ್ಣದೆಂದು ಅರಿಸಿನ ಮೆತ್ತಿ ಕೂರುವುದು ಅವಿವೇಕ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಹುಚ್ಚುನಾಯಿಯಿಂದ ಬರುವ ರೇಬೀಸ್ ಬೆಕ್ಕಿನಿಂದಲೂ ಬರಬಲ್ಲದು. ಒಮ್ಮೆ ಲಕ್ಷಣಗಳು ಕಾಣಿಸಿದರೆ ಆ ರೋಗಕ್ಕೆ ಮದ್ದಿಲ್ಲ. ಕಚ್ಚಿದ ಗಾಯ ಹೊರಗೆ ಸೂಜಿಮೊನೆಯಷ್ಟಿದ್ದರೂ ಒಳಗೆ ಆಳವಾಗಿರುತ್ತದೆ, ಬೇಗ ಕೀವುಗಟ್ಟುತ್ತದೆ. ಮನೆಯ ಬೆಕ್ಕಿಗೆ ಕಾಲಕಾಲಕ್ಕೆ ರೇಬೀಸ್ ಚುಚ್ಚುಮದ್ದು ಹಾಕಿಸಿರುವುದು ಎಲ್ಲರಿಗೂ ಕ್ಷೇಮ.

ನೀರಿಲ್ಲದ ಸ್ನಾನ

ನೀರಿನಲ್ಲಿ ಮೀಯಲಾಗದವರ ಮೇಲೆ ಶಾಸ್ತ್ರಕಾರರಿಗೂ ದಯೆಯಿತ್ತು. ನೀರಿನಲ್ಲಿ ಮೀಯುವುದು ವಾರುಣ ಸ್ನಾನವಾದರೆ, ಭಸ್ಮ ಧರಿಸುವುದು ಆಗ್ನೇಯ, ಹಸುಗಳ ಕಾಲ್ದೂಳಿಗೆ ಮೈಯೊಡ್ಡುವುದು ವಾಯವ್ಯ, ಬಿಸಿಲುಮಳೆಗೆ ನಿಲ್ಲುವುದು ದಿವ್ಯ ಎಂದು ಅವರು ವಿಂಗಡಿಸಿದ್ದಾರೆ. ಬಚ್ಚಲೊಲೆಯ ಬೂದಿಯಲ್ಲಿ ಹೊರಳಿದ ಬೆಕ್ಕು ಆಗ್ನೇಯವನ್ನು ತಾನಾಗಿಯೇ ಆರಿಸಿಕೊಂಡಿತ್ತೆನ್ನಬೇಕು. ಬಹುಪಾಲು ಬೆಕ್ಕುಗಳಿಗೆ ವಾರದಲ್ಲೆರಡು ದಿನ ಬಾಚುವುದು, ಕೊಳೆಯಾದ ಕಡೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು, ಇಷ್ಟೇ ಧಾರಾಳವಾಯಿತು. ಕಣ್ಣು ತೆರೆದು ಕೆಲವೇ ವಾರಗಳಾದ ಮರಿಗಂತೂ ಒರೆಸುವುದೇ ಸರಿ. ನೆನೆದರೆ ಅದು ಬೇಗ ಶೀತಕ್ಕೆ ಸಿಕ್ಕುತ್ತದೆ.

ನಾಯಿ ಯಜಮಾನನ ಮಾತಿಗೆ ನೀರಿಗಿಳಿದೀತು, ಹಸು ಹಗ್ಗಕ್ಕೆ ಇಳಿದೀತು. ಬೆಕ್ಕು ಮನೆಯಲ್ಲಿರುವುದು ಮಾತಿಗೂ ಅಲ್ಲ, ಹಗ್ಗಕ್ಕೂ ಅಲ್ಲ. ಅಲ್ಲಿ ತನಗೆ ಕೇಡಿಲ್ಲವೆಂಬ ನಂಬಿಕೆಗೆ. ಅದರ ಮೈಯ ಕೊಳೆಯನ್ನು ತೊಳೆಯುವ ಭರದಲ್ಲಿ ಆ ನಂಬಿಕೆಯೂ ತೊಳೆದುಹೋಗದಂತೆ ನೋಡಿಕೊಳ್ಳುವ ಮನೆಯಲ್ಲಿ, ಒದ್ದೆಯಾಗಿ ಸಿಡುಕಿ ಅಟ್ಟ ಸೇರಿದ ಬೆಕ್ಕು ಸಂಜೆಯ ಹಾಲಿನ ಹೊತ್ತಿಗೆ ತಾನಾಗಿಯೇ ಕೆಳಗಿಳಿದು ಬರುತ್ತದೆ.